‘ಸೆಟ್’ ಅಂದರೆ ಹೆದರಬೇಡ ಮಗಳೇ

ಮಗಳೇ, ‘ದಿನಕ್ಕೆ ಹತ್ತು ಇಂಗ್ಲಿಷ್ ಪದ’ ಕಲಿಸುವ ಯಾವುದೋ ದಪ್ಪ ಪುಸ್ತಕ ತರಿಸಿಕೊಂಡಿದ್ದೀಯಂತೆ, ನಿಮ್ಮಮ್ಮ ಹೇಳಿದಳು. ಓದು, ಬೇಡ ಅನ್ನುವುದಿಲ್ಲ. ಹತ್ತನೇ ಕ್ಲಾಸಿನವರೆಗೆ ಎಲ್ಲವನ್ನೂ ಕನ್ನಡದಲ್ಲೇ ಓದಿದವಳಿಗೆ ಈಗ ಪಿಯುಸಿಯಲ್ಲಿ ಫಿಸಿಕ್ಸು, ಕೆಮಿಸ್ಟ್ರಿ, ಮ್ಯಾಥ್ಸು ಮೂರೂ ಇಂಗ್ಲಿಷಿನಲ್ಲಿ ಒಟ್ಟಿಗೆ ಎದುರಾದರೆ ಗಾಬರಿ ಆಗುತ್ತದೆ. ಆದರೆ ಹೈಸ್ಕೂಲಿನಲ್ಲಿ ಇಷ್ಟು ಕಾಲ ಇಂಗ್ಲಿಷ್ ಹೇಳಿಕೊಟ್ಟ ತಾತನ ಒಂದು ಮಾತು ಕೇಳು. ಆ ಪುಸ್ತಕದಲ್ಲಿರುವ ಉದ್ದುದ್ದ ಪದಗಳಿಂದ ನಿನಗೆ ಅಂಥ ತೊಂದರೆಯೇನೂ ಇಲ್ಲ. ಫೋಟೋಸಿಂಥೆಸಿಸ್ ಅಂದರೆ ಎಲ್ಲಿ ಹೋದರೂ ಫೋಟೋಸಿಂಥೆಸಿಸ್ಸೇ. ಒಂದು ಸಲ ಅರ್ಥವಾದರೆ ಮುಗಿಯಿತು. ನಿಜವಾಗಿ ಕಾಡುವವು ಮೂರಕ್ಷರದ ಪುಡಿ ಪದಗಳು. ಗೆಟ್, ಪುಟ್, ರನ್, ಸೆಟ್. ಇವು ಯಾರಿಗೂ ಹೊಸವಲ್ಲ, ಅದಕ್ಕೇ ಯಾರೂ ನಿಘಂಟು ತೆಗೆದು ನೋಡುವುದಿಲ್ಲ. ಗೊತ್ತಿದೆ ಅಂದುಕೊಂಡು ಮುಂದೆ ಹೋಗುತ್ತೇವೆ, ವಾಕ್ಯ ಮಾತ್ರ ಕೈಗೆ ಸಿಕ್ಕಿರುವುದಿಲ್ಲ.

ಸೆಟ್ಟನ್ನೇ ತೆಗೆದುಕೋ. ನಿನ್ನ ಮ್ಯಾಥ್ಸ್ ಪುಸ್ತಕದ ಮೊದಲನೇ ಪಾಠವೇ ‘ಸೆಟ್ಸ್’. ಕನ್ನಡದಲ್ಲಿ ‘ಗಣ’ ಅನ್ನುತ್ತೇವಲ್ಲ, ಅದೇ. ಕೆಮಿಸ್ಟ್ರಿಯಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿಗೆ ನೀರು ಬೆರೆಸಿದರೆ ಅದು ‘ಸೆಟ್’ ಆಗುತ್ತದೆ. ಲ್ಯಾಬಿನಲ್ಲಿ ಮೀಟರಿನ ಮುಳ್ಳನ್ನು ಸೊನ್ನೆಗೆ ‘ಸೆಟ್’ ಮಾಡು ಅನ್ನುತ್ತಾರೆ. ಕಂಪಾಸ್ ಬಾಕ್ಸಿನ ಮೂಲೆಮಟ್ಟ ಇಂಗ್ಲಿಷಿನಲ್ಲಿ ಸೆಟ್ ಸ್ಕ್ವೇರ್. ಕ್ಯಾಂಟೀನಿಗೆ ಹೋದರೆ ಸೆಟ್ ದೋಸೆ, ಊರಿಗೆ ಬಂದರೆ ಅಪ್ಪನ ಪಂಪ್‌ಸೆಟ್ಟು, ಟೀವಿ ಹಾಕಿದರೆ ಸೆಟ್ ಟಾಪ್ ಬಾಕ್ಸು. (ಮುಂದೆ ಲೆಕ್ಚರರ್ ಆಗಬೇಕೆಂದರೆ ಬರೆಯಬೇಕಾದ ಕೆ-ಸೆಟ್ ಪರೀಕ್ಷೆಗೂ ಇದಕ್ಕೂ ನಂಟಿಲ್ಲ. ಅದು ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು.)

ಇಷ್ಟಕ್ಕೇ ತಲೆ ಕೆಡಿಸಿಕೊಳ್ಳಬೇಡ. ಆಕ್ಸ್‌ಫರ್ಡಿನ ದೊಡ್ಡ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಬಂತು. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ತಿಂದ ಪದ ಇದೇ ಸೆಟ್. ಕ್ರಿಯಾಪದ ಒಂದಕ್ಕೇ 430 ಅರ್ಥ, ಅವುಗಳ ವಿವರಣೆಗೆ ಸುಮಾರು 60,000 ಪದ. ಒಂದು ಸಣ್ಣ ಕಾದಂಬರಿಯಷ್ಟಾಯಿತು. ಇದೇನೂ ಹೊಸ ಗೋಳಲ್ಲ. 1755ರಲ್ಲಿ ಲಂಡನ್ನಿನಲ್ಲಿ ತನ್ನ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಮುನ್ನುಡಿಯಲ್ಲೇ ಈ ಸಣ್ಣ ಕ್ರಿಯಾಪದಗಳ ಬಗ್ಗೆ ಅಲವತ್ತುಕೊಂಡಿದ್ದಾನೆ. ಇವುಗಳ ಅರ್ಥ ಎಷ್ಟು ಸಡಿಲ, ಬಳಕೆ ಎಷ್ಟು ಅಡ್ಡಾದಿಡ್ಡಿ ಎಂದರೆ, ಮೊದಲ ಅರ್ಥದಿಂದ ಎಷ್ಟೋ ದೂರ ಹೋಗಿಬಿಟ್ಟಿರುವ ಅವುಗಳ ಜಾಡು ಹಿಡಿಯುವುದೇ ಕಷ್ಟ ಅನ್ನುವುದು ಅವನ ದೂರು. ಅವನು ಕೊಟ್ಟ ಪಟ್ಟಿಯಲ್ಲಿ ಸೆಟ್ಟೂ ಇದೆ, ರನ್ನೂ ಇದೆ. ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದ ಪಂಡಿತನೇ ಹಾಗೆ ಬೆವೆತಿರುವಾಗ ನಿನಗೆ ನಾಚಿಕೆ ಯಾಕೆ?

ಆ 430 ಅರ್ಥ ಯಾವ ಇಂಗ್ಲಿಷಿನವನ ತಲೆಯಲ್ಲೂ ಇಲ್ಲ ಕಣಮ್ಮ. ಅದು ಒಂದು ಸಾವಿರ ವರ್ಷದ ದಾಸ್ತಾನು. ಅದರಲ್ಲಿ ಸತ್ತುಹೋದ ಅರ್ಥಗಳಿವೆ, ಯಾವುದೋ ಒಂದು ಸೀಮೆಯಲ್ಲಿ ಮಾತ್ರ ಉಳಿದವಿವೆ, ಅಚ್ಚುಕೂಟದವರಿಗೆ, ಗಾರೆಯವರಿಗೆ, ಬೇಟೆಗಾರರಿಗೆ ಮಾತ್ರ ಬೇಕಾದವಿವೆ. ಸೆಟ್ಟರ್ ಅನ್ನುವ ನಾಯಿ ಜಾತಿ ಕೇಳಿದ್ದೀಯಲ್ಲ, ಬೇಟೆಯ ವಾಸನೆ ಹತ್ತಿದ ಕೂಡಲೇ ಅದು ಬೊಗಳದೆ ನೆಲಕ್ಕೆ ಅವುಚಿ ನಿಂತುಬಿಡುತ್ತದೆ, ಅದಕ್ಕೆ ಆ ಹೆಸರು. ಪಿಯುಸಿ ಪಾಸು ಮಾಡಲು ನಿನಗೆ ಈ ನಾಯಿ ಬೇಡ.

ಹಾಗಾದರೆ ಯಾವುದು ಬೇಕು? ಈ ಪ್ರಶ್ನೆಯನ್ನು ಸರಿಯಾಗಿ ಕೇಳಿಕೊಂಡವನು ಮೈಕೆಲ್ ವೆಸ್ಟ್ ಎಂಬ ಮೇಷ್ಟ್ರು. ಬ್ರಿಟಿಷರ ಕಾಲದಲ್ಲಿ ಢಾಕಾದಲ್ಲಿದ್ದುಕೊಂಡು ಬಂಗಾಳದ ಮಕ್ಕಳಿಗೆ ಇಂಗ್ಲಿಷ್ ಓದು ಕಲಿಸುವ ದಾರಿ ಹುಡುಕಿದವನು. 1953ರಲ್ಲಿ ಅವನು ಹೊರತಂದ ಸುಮಾರು 2,000 ಪದಗಳ ಪಟ್ಟಿಯಲ್ಲಿ ಒಂದು ಜಾಣತನವಿದೆ. ಯಾವ ಪದ ಹೆಚ್ಚು ಬಳಕೆಯಲ್ಲಿದೆ ಎಂಬುದಷ್ಟೇ ಅಲ್ಲ, ಒಂದೊಂದು ಪದದ ಯಾವ ಅರ್ಥ ಶೇಕಡಾ ಎಷ್ಟು ಸಲ ಬರುತ್ತದೆ ಎಂಬುದನ್ನೂ ಕೊಟ್ಟಿದ್ದಾನೆ. ಅಂದರೆ ಅರ್ಥಗಳೆಲ್ಲ ಒಂದೇ ತೂಕದವಲ್ಲ. ಕೆಲವು ದಿನವೂ ಮನೆಗೆ ಬರುವವು, ಉಳಿದವು ಹಬ್ಬಕ್ಕೋ ತಿಥಿಗೋ ಬರುವವು.

ಈಗ ದಿನವೂ ಬರುವವಕ್ಕೆ ಬರೋಣ. ಇಲ್ಲಿ ನಿನಗೊಂದು ಗುಟ್ಟು ಹೇಳುತ್ತೇನೆ. ಇದನ್ನು ನಮ್ಮ ಮೇಷ್ಟ್ರುಗಳು ಕ್ಲಾಸಿನಲ್ಲಿ ಹೇಳುವುದು ಕಡಿಮೆ.

ಇಂಗ್ಲಿಷಿನಲ್ಲಿ ‘ಸಿಟ್’ ಅಂದರೆ ಕೂರು. ‘ಸೆಟ್’ ಅಂದರೆ ಮೂಲದಲ್ಲಿ ಕೂರಿಸು. ನಾವು ಬೀಳು–ಬೀಳಿಸು, ಕೂರು–ಕೂರಿಸು ಅಂತ ‘ಇಸು’ ಹಚ್ಚಿಕೊಂಡು ಹೋಗುತ್ತೇವೆ. ಹಳೆಯ ಇಂಗ್ಲಿಷಿನಲ್ಲೂ ಅದರ ನೆಂಟರ ಭಾಷೆಗಳಲ್ಲೂ ಪದದೊಳಗಿನ ಸ್ವರವನ್ನೇ ಬದಲಿಸಿ ಅದೇ ಕೆಲಸ ಮಾಡಿಕೊಳ್ಳುತ್ತಿದ್ದರು. ‘ಫಾಲ್’ ಬೀಳು, ‘ಫೆಲ್’ ಮರವನ್ನು ಬೀಳಿಸು. ‘ಲೈ’ ಮಲಗು, ‘ಲೇ’ ಮಲಗಿಸು. ‘ರೈಸ್’ ಏಳು, ‘ರೇಸ್’ ಎಬ್ಬಿಸು, ಎತ್ತು. ಆ ಸಾಲಿನಲ್ಲೇ ‘ಸಿಟ್’ ಮತ್ತು ‘ಸೆಟ್’. ಇದು ಒಂದು ಸಲ ತಲೆಗೆ ಹೋಯಿತೋ, ನಿಘಂಟಿನ ಅರ್ಧ ಪುಟ ನಿನಗೆ ಕನ್ನಡದಲ್ಲೇ ಬಂದಿರುತ್ತದೆ.

ನೋಡು. ಅಕ್ಕಸಾಲಿ ಉಂಗುರಕ್ಕೆ ಹರಳನ್ನು ಏನು ಮಾಡುತ್ತಾನೆ? ಕೂರಿಸುತ್ತಾನೆ. ಇಂಗ್ಲಿಷಿನವನು ಸೆಟ್ ಮಾಡುತ್ತಾನೆ. ಕೈ ಮುರಿದರೆ ಮೂಳೆ ಕೂರಿಸಿ ಪಟ್ಟು ಕಟ್ಟುತ್ತಾರೆ, ಅಲ್ಲೂ ಸೆಟ್. ಅಜ್ಜಿ ಕೋಳಿಯನ್ನು ಮೊಟ್ಟೆಯ ಮೇಲೆ ಕಾವಿಗೆ ಕೂರಿಸುತ್ತಿದ್ದಳಲ್ಲ, ಇಂಗ್ಲೆಂಡಿನ ಹಳ್ಳಿಯ ಅಜ್ಜಿಯೂ ಕೋಳಿಯನ್ನು ಸೆಟ್ಟೇ ಮಾಡುತ್ತಿದ್ದದ್ದು. ಸಿನಿಮಾದವರು ಟ್ಯೂನಿಗೆ ಸಾಹಿತ್ಯ ಕೂರಿಸುತ್ತಾರೆ, ಇಂಗ್ಲಿಷಿನಲ್ಲಿ ಪದ್ಯವನ್ನು ಸಂಗೀತಕ್ಕೆ ಸೆಟ್ ಮಾಡುತ್ತಾರೆ. ಒಂದು ವಸ್ತುವನ್ನು ಅದರ ಸರಿಯಾದ ಜಾಗದಲ್ಲಿ ಅಲುಗದಂತೆ ನೆಲೆಗೊಳಿಸುವುದು, ಇಷ್ಟೇ ಈ ಕ್ರಿಯಾಪದದ ಹೊಟ್ಟೆಯಲ್ಲಿರುವುದು. ಗಡಿಯಾರದ ಅಲಾರಂ ಸೆಟ್ ಮಾಡುವುದು, ಮೀಟರನ್ನು ಸೊನ್ನೆಗೆ ಸೆಟ್ ಮಾಡುವುದು, ಮದುವೆಗೆ ದಿನ ಸೆಟ್ ಮಾಡುವುದು, ಎಲ್ಲ ಅದರ ಮಕ್ಕಳು. ಮೊದಲಿನ ಎರಡರಲ್ಲಿ ಕೂರುವುದು ಮುಳ್ಳು, ಮೂರನೆಯದರಲ್ಲಿ ತಾರೀಕು.

ಕೂರುವುದರಿಂದ ಗಟ್ಟಿಯಾಗುವುದಕ್ಕೆ ಒಂದೇ ಹೆಜ್ಜೆ. ಅಲ್ಲಾಡದೆ ಕೂತದ್ದು ಬಿಗಿಯುತ್ತದೆ. ಸಿಮೆಂಟು, ಜೆಲ್ಲಿ, ಪ್ಲಾಸ್ಟರ್ ಆಫ್ ಪ್ಯಾರಿಸ್ ಎಲ್ಲ ಸೆಟ್ ಆಗುವುದು ಈ ದಾರಿಯಲ್ಲಿ. ಹೊಸ ಮನೆ ಕಟ್ಟಿಸುವಾಗ ಮೇಸ್ತ್ರಿ ‘ಇವತ್ತು ಸೆಟ್ ಆಗ್ಲಿ ಬಿಡಿ ಸ್ವಾಮಿ, ನಾಳೆಯಿಂದ ನೀರು ಹಾಕಿ’ ಅನ್ನುತ್ತಾನಲ್ಲ, ಅವನ ಬಾಯಲ್ಲಿ ಈ ಪದ ಎಷ್ಟು ಖಚಿತವಾಗಿದೆ ಗೊತ್ತೇ? ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು ನೀರು ಬೆರೆಸಿದ 30 ನಿಮಿಷದೊಳಗೆ ಬಿಗಿಯಲು ಶುರುವಾಗಬಾರದು, 600 ನಿಮಿಷದೊಳಗೆ ಬಿಗಿದು ಮುಗಿದಿರಬೇಕು. ನಮ್ಮ ದೇಶದ ಮಾನಕದಲ್ಲಿ ಇನಿಷಿಯಲ್ ಸೆಟ್ಟಿಂಗ್ ಟೈಮ್, ಫೈನಲ್ ಸೆಟ್ಟಿಂಗ್ ಟೈಮ್ ಅಂತ ಬರೆದಿರುವುದು ಇದನ್ನೇ. ತೀರಾ ಬೇಗ ಸೆಟ್ ಆದರೆ ಗಾರೆಯವನ ಕೈಯಲ್ಲೇ ಗಟ್ಟಿಯಾಗಿಬಿಡುತ್ತದೆ, ಅದಕ್ಕೆಂದೇ ಕಾರ್ಖಾನೆಯಲ್ಲಿ ಸ್ವಲ್ಪ ಜಿಪ್ಸಂ ಸೇರಿಸಿರುತ್ತಾರೆ. ಸೆಟ್ ಆದ ಮೇಲೆ ದಿನಗಟ್ಟಲೆ ನೀರುಣಿಸುವುದು ಬೇರೆ ಕೆಲಸ, ಅದಕ್ಕೆ ಹೆಸರು ಕ್ಯೂರಿಂಗ್. ಸೆಟ್ ಬೇರೆ, ಕ್ಯೂರ್ ಬೇರೆ. ಈ ವ್ಯತ್ಯಾಸವನ್ನು ಇಂಗ್ಲಿಷ್ ಎಂ.ಎ. ಮಾಡಿದ ಎಷ್ಟೋ ಜನ ಹೇಳಲಾರರು, ಮೇಸ್ತ್ರಿ ಹೇಳುತ್ತಾನೆ. ಪದ ಕಲಿಯಬೇಕಾದ್ದು ಅದನ್ನು ದುಡಿಸಿಕೊಳ್ಳುವವರ ಹತ್ತಿರ ಅಂತ ನಾನು ಆಗಾಗ ಹೇಳುತ್ತಿದ್ದದ್ದು ಇದಕ್ಕೇ.

ಹಾಗಂತ ‘ಕೂರಿಸು’ ಒಂದನ್ನೇ ನಂಬಿ ಹೊರಡಬೇಡ. ಇಂಗ್ಲಿಷಿನವರು ಒಂದೇ ಪದಕ್ಕೆ ಹೊರಿಸಿದ ಹೊರೆಯನ್ನು ನಾವು ಹಲವು ಪದಗಳಿಗೆ ಹಂಚಿದ್ದೇವೆ. ಕೆಲವು ಕಡೆ ‘ಇಡು’ ಸರಿಹೋಗುತ್ತದೆ. ಬೆಂಕಿ ಇಡುವುದು, ಹೊಸ ಊರಿಗೆ ಕಾಲಿಡುವುದು, ಬೋನು ಇಡುವುದು ಎಲ್ಲ ಸೆಟ್. ಬೆಲೆಯನ್ನಾದರೆ ನಾವು ಕಟ್ಟುತ್ತೇವೆ. ಹೂವು ಉದುರದೆ ಕಾಯಿಯಾಗುವುದಕ್ಕೆ ಅವರು ಫ್ರೂಟ್ ಸೆಟ್ ಅನ್ನುತ್ತಾರೆ, ನಮ್ಮ ರೈತ ‘ಕಾಯಿ ಕಚ್ಚಿದೆ’ ಅನ್ನುತ್ತಾನೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಹೂಮಳೆಗೆ ಕಾದು, ಅದಾದ ಮೇಲೆ ಬ್ಯಾಕಿಂಗ್ ಮಳೆಗೂ ಆಕಾಶ ನೋಡುವುದು ಈ ಕಚ್ಚುವಿಕೆಗಾಗಿಯೇ. ಮಳೆಗಾಲ ‘ಸೆಟ್ ಇನ್’ ಆಯಿತು ಅಂದರೆ ನಮ್ಮ ಮಾತಿನಲ್ಲಿ ಮಳೆ ಹಿಡಿದುಕೊಂಡಿತು ಅಂತ. ಎಷ್ಟು ಸರಿಯಾದ ಪದ ನೋಡು ‘ಹಿಡಿ’! ನಮ್ಮ ಸಣ್ಣ ಪದಗಳೂ ಏನು ಕಡಿಮೆಯಿಲ್ಲ. ಮಳೆ ಹಿಡಿಯುತ್ತದೆ, ಹುಚ್ಚು ಹಿಡಿಯುತ್ತದೆ, ತುಕ್ಕು ಹಿಡಿಯುತ್ತದೆ, ಬಸ್ಸು ಹಿಡಿಯುತ್ತೇವೆ, ಸೊಂಟ ಹಿಡಿದುಕೊಳ್ಳುತ್ತದೆ, ಯಾರದೋ ಕಾಲು ಹಿಡಿಯಬೇಕಾಗುತ್ತದೆ. ಬೆಂಗಳೂರಿಗೆ ಬಂದು ಕನ್ನಡ ಕಲಿಯುವ ಉತ್ತರದವನಿಗೆ ಇದನ್ನೆಲ್ಲ ವಿವರಿಸಲು ಹೊರಟು ನೋಡು, ಜಾನ್ಸನ್ನನ ಗೋಳು ಏನೆಂದು ಗೊತ್ತಾಗುತ್ತದೆ. ನೀನು ‘ಹಿಡಿ’ಯ ಅರ್ಥಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿದವಳಲ್ಲ. ಮಳೆಯ ಜೊತೆ, ಬಸ್ಸಿನ ಜೊತೆ, ಸೊಂಟದ ಜೊತೆ ಕೇಳಿ ಕೇಳಿ ಬಂತು.

ಕನ್ನಡದ ಜೊತೆ ಹೊಂದಿಸುತ್ತ ಹೋಗುವಾಗ ಒಂದೆರಡು ಕಡೆ ಕಾಲು ಜಾರುತ್ತದೆ, ಎಚ್ಚರ. ಇಂಗ್ಲಿಷಿನಲ್ಲಿ ಯಾರ ಮೇಲಾದರೂ ‘ಕಣ್ಣು ಸೆಟ್’ ಮಾಡಿದೆ ಅಂದರೆ ಸುಮ್ಮನೆ ನೋಡಿದೆ, ಕಂಡೆ ಅಂತ. ನಮ್ಮಲ್ಲಿ ಪಕ್ಕದವರ ಜಮೀನಿನ ಮೇಲೆ ಕಣ್ಣಿಟ್ಟ ಅಂದರೆ ಪೊಲೀಸ್ ಸ್ಟೇಷನ್ನಿನವರೆಗೆ ಹೋಗುವ ಮಾತು. ಗಾಯಕರ ಗಂಟಲು ಕೂತಿತು ಅನ್ನುತ್ತೇವೆ. ಅದನ್ನು ಸೆಟ್ಟಿನಿಂದ ಹೇಳಲು ಹೋಗಬೇಡ. ಇನ್ನು ಸೂರ್ಯನದು. ಹೊತ್ತು ಮುಳುಗುವುದಕ್ಕೂ ಅವರು ಸೆಟ್ಟನ್ನೇ ಬಳಸುತ್ತಾರೆ. ಕೂರುವುದು, ಕೆಳಗಿಳಿಯುವುದು ಎಂಬ ಹಳೆಯ ನಂಟು ಅಲ್ಲಿದ್ದರೂ ಅದನ್ನು ಹಾಗೇ ಒಪ್ಪಿಕೊಂಡು ಮುಂದೆ ಹೋಗುವುದು ಒಳ್ಳೆಯದು.

ಸೆಟ್ ದೋಸೆಯ ಸೆಟ್ ಬೇರೆ ಸಂತಾನ. ಗುಂಪು, ಜೊತೆ ಅನ್ನುವ ಅರ್ಥದ ಸೆಟ್ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನಿಂದ. ಫ್ರೆಂಚಿಗೆ ಲ್ಯಾಟಿನ್ನಿನ ‘ಸೆಕ್ಟಾ’ದಿಂದ, ಅಂದರೆ ಒಬ್ಬರನ್ನು ಹಿಂಬಾಲಿಸುವವರ ಪಂಗಡ. ಇಂಗ್ಲಿಷಿನ ‘ಸೆಕ್ಟ್’ ಕೂಡ ಅದೇ ಮನೆಯದು. ಎರಡು ಬೇರೆ ಮನೆಯ ಪದಗಳು ಉಚ್ಚಾರದಲ್ಲಿ ಒಂದಾಗಿ, ಕಾಲಾಂತರದಲ್ಲಿ ಒಂದರ ಬಣ್ಣ ಇನ್ನೊಂದಕ್ಕೆ ತಾಗಿದೆ. ಆದ್ದರಿಂದ ಕಪ್ಪು ಬಸಿಯ ಸೆಟ್ಟು, ಟೆನಿಸ್ಸಿನ ಸೆಟ್ಟು, ಪಂಪು ಮೋಟಾರು ಸೇರಿದ ಪಂಪ್‌ಸೆಟ್ಟು, ತಟ್ಟೆಯಲ್ಲಿ ಒಂದರ ಮೇಲೊಂದು ಬರುವ ಮೆತ್ತನೆಯ ದೋಸೆಗಳು, ಇವನ್ನೆಲ್ಲ ಒಂದು ಕಡೆ ಇಟ್ಟುಕೋ. ನಿನ್ನ ಮ್ಯಾಥ್ಸಿನ ಸೆಟ್ಟೂ ಈ ಕಡೆಯದೇ. ಆ ಗಣಿತವನ್ನು 1870ರ ದಶಕದಲ್ಲಿ ಕಟ್ಟಲು ಶುರುಮಾಡಿದ ಗೇಯಾರ್ಗ್ ಕ್ಯಾಂಟರ್ ಬರೆದದ್ದು ಜರ್ಮನ್ ಭಾಷೆಯಲ್ಲಿ. ಅವನ ಪದಕ್ಕೆ ರಾಶಿ, ಸಮೂಹ ಅಂತ ಅರ್ಥ. ಇಂಗ್ಲಿಷಿನವರು ಅದಕ್ಕೆ ಸೆಟ್ ಅಂದರು, ನಮ್ಮವರು ಗಣ ಅಂದರು. ಹೆಸರು ಬದಲಾಗಿದ್ದಷ್ಟೇ, ನಮ್ಮ ಸಂಯೋಗ, ಛೇದನಗಳಿಗೇ ಅಲ್ಲಿ ಬೇರೆ ಹೆಸರು. ಯೂನಿಯನ್, ಇಂಟರ್‌ಸೆಕ್ಷನ್ ಅಂತ ಕೇಳಿದ ಕೂಡಲೇ ಪೆನ್ನು ಕೆಳಗಿಡಬೇಡ.

ಈಗ ನಾನು ನಿಜವಾಗಿ ಹೇಳಬೇಕಾದದ್ದು. ಈ ಪದಗಳನ್ನು ಒಂಟಿಯಾಗಿ ಬರೆದುಕೊಳ್ಳಬೇಡ. ನಿನ್ನ ಪುಸ್ತಕದಲ್ಲಿ ಎಡಕ್ಕೊಂದು ಇಂಗ್ಲಿಷ್ ಪದ, ಬಲಕ್ಕೊಂದು ಕನ್ನಡ ಪದ ಇರುತ್ತದಲ್ಲ, ಆ ಎರಡು ಕಂಬದ ವ್ಯವಸ್ಥೆ ಸೆಟ್ಟಿನ ವಿಷಯದಲ್ಲಿ ಕುಸಿದುಬೀಳುತ್ತದೆ. ಅರ್ಥ ಇರುವುದು ಪದದಲ್ಲಲ್ಲ, ಅದರ ಅಕ್ಕಪಕ್ಕದಲ್ಲಿ. ಒಂದು ಉದಾಹರಣೆ ಕೊಡುತ್ತೇನೆ. ‘ಸೆಟ್ ಅಸೈಡ್’ ಅನ್ನುವುದನ್ನು ನೋಡು. ಮಗಳ ಮದುವೆಗೆ ಅಂತ ಅಪ್ಪ ಒಂದಿಷ್ಟು ಹಣ ಸೆಟ್ ಅಸೈಡ್ ಮಾಡಿದ ಅಂದರೆ ತೆಗೆದಿಟ್ಟ, ಜೋಪಾನ ಮಾಡಿದ. ಹೈಕೋರ್ಟು ಕೆಳಗಿನ ಕೋರ್ಟಿನ ಆದೇಶವನ್ನು ಸೆಟ್ ಅಸೈಡ್ ಮಾಡಿತು ಅಂದರೆ ಅದನ್ನು ರದ್ದುಪಡಿಸಿತು, ಆ ಆದೇಶದ ಕಥೆ ಮುಗಿಯಿತು. ಅದೇ ಎರಡು ಪದ. ಹಣದ ಪಕ್ಕದಲ್ಲಿ ಕೂತಾಗ ಉಳಿಸುತ್ತವೆ, ಆದೇಶದ ಪಕ್ಕದಲ್ಲಿ ಕೂತಾಗ ಅಳಿಸುತ್ತವೆ. ಆತುರದಲ್ಲಿ ಅನುವಾದ ಮಾಡುವವರು ಕೋರ್ಟು ಆದೇಶವನ್ನು ‘ಬದಿಗಿಟ್ಟಿತು’ ಅಂತ ಬರೆದುಬಿಡುತ್ತಾರೆ. ಓದಿದ ಕಕ್ಷಿದಾರ ತೀರ್ಪು ಇನ್ನೂ ಬಾಕಿಯಿದೆ ಅಂದುಕೊಂಡರೆ ತಪ್ಪು ಯಾರದು? ‘ಸೆಟ್‌ಬ್ಯಾಕ್’ ಕೂಡ ಹಾಗೇ. ಚುನಾವಣೆಯ ಸುದ್ದಿಯಲ್ಲಿ ಅದು ಹಿನ್ನಡೆ. ಬೆಂಗಳೂರಿನಲ್ಲಿ ಸೈಟು ಕೊಂಡು ಮನೆ ಕಟ್ಟಲು ಹೊರಟವರಿಗೆ ಗೋಡೆಗೂ ಸೈಟಿನ ಅಂಚಿಗೂ ನಡುವೆ ಬಿಡಲೇಬೇಕಾದ ಜಾಗ. ಬಿಡದಿದ್ದರೆ ಅದೂ ಒಂದು ಹಿನ್ನಡೆಯೇ ಆಗುತ್ತದೆನ್ನು.

ಆದ್ದರಿಂದ ಒಂದು ಹಾಳೆಯಲ್ಲಿ ನಡುವೆ ಸೆಟ್ ಅಂತ ಬರೆದು ಸುತ್ತ ಅರ್ಥ ತುಂಬಬೇಡ. ಪಾಠದಲ್ಲಿ, ಪೇಪರಿನಲ್ಲಿ ಎದುರಾದ ವಾಕ್ಯವನ್ನೇ ಇಡಿಯಾಗಿ ಇಳಿಸಿಕೋ. ಯಾವುದನ್ನು ಸೆಟ್ ಮಾಡಿದರು, ಸೆಟ್ಟಿನ ಬೆನ್ನಿಗೆ ಅಪ್, ಆಫ್, ಇನ್, ಔಟ್ ಇಂಥದ್ದೇನಾದರೂ ಅಂಟಿಕೊಂಡಿದೆಯೇ, ಇಷ್ಟು ನೋಡು. ಆ ವಾಕ್ಯವನ್ನು ನಿಮ್ಮಮ್ಮನಿಗೆ ಹೇಳುವುದಾದರೆ ಕನ್ನಡದಲ್ಲಿ ಹೇಗೆ ಹೇಳುತ್ತಿದ್ದೆ ಅಂತ ಕೆಳಗೆ ಬರೆ. ಅದು ಒಂದೇ ಪದ ಆಗಬೇಕಿಲ್ಲ. ವಾರಕ್ಕೆ ಎರಡು ಮೂರು ವಾಕ್ಯ ಸಿಕ್ಕರೂ ಸಾಕು. ಕೊಳ್ಳುವುದಿದ್ದರೆ ಕಲಿಯುವವರಿಗಾಗಿ ಮಾಡಿದ ನಿಘಂಟು ಕೊಳ್ಳು. ಆಕ್ಸ್‌ಫರ್ಡಿನವರ ಅಂಥ ನಿಘಂಟಿನ ಮೊದಲ ರೂಪವನ್ನು ಎ. ಎಸ್. ಹಾರ್ನ್‌ಬಿ ಎಂಬಾತ ಸಿದ್ಧಪಡಿಸಿದ್ದು ಜಪಾನಿನ ವಿದ್ಯಾರ್ಥಿಗಳಿಗೆ ಕಲಿಸುತ್ತಿದ್ದಾಗ. 1942ರಲ್ಲಿ ಅದು ಅಚ್ಚಾದದ್ದು ಟೋಕಿಯೊದಲ್ಲಿ. ಹೊರಗಿನವರು ಎಲ್ಲಿ ಎಡವುತ್ತಾರೆ ಅಂತ ಗೊತ್ತಿದ್ದವರು ಮಾಡಿದ್ದು, ಅದಕ್ಕೇ ಅಲ್ಲಿ ಅರ್ಥಕ್ಕಿಂತ ವಾಕ್ಯ ಮುಖ್ಯ. ಮೊಬೈಲಿನಲ್ಲಿ ತಟ್ಟಿದರೆ ಬರುವ ಒಂಟಿ ಅರ್ಥವನ್ನು ಮಾತ್ರ ನೆಚ್ಚಿಕೊಳ್ಳಬೇಡ.

ವ್ಯಾಕರಣದ್ದು ಒಂದೇ ಒಂದು ಮಾತು ಹೇಳಿ ಬಿಡುತ್ತೇನೆ. ಈ ಕ್ರಿಯಾಪದ ನಿನ್ನೆಗೂ ಇವತ್ತಿಗೂ ರೂಪ ಬದಲಿಸುವುದಿಲ್ಲ. ಅದರ ಭೂತಕಾಲವೂ ಸೆಟ್ಟೇ. ‘ಹಿ ಸೆಟ್ಸ್’ ಅಂದರೆ ದಿನಾ ಮಾಡುವುದು, ‘ಹಿ ಸೆಟ್’ ಅಂದರೆ ಮಾಡಿ ಆಯಿತು. ಕೊನೆಯ ಆ ‘ಸ್’ ಇಲ್ಲದ್ದೇ ಕಾಲ ಹೇಳುತ್ತದೆ. ಪರೀಕ್ಷೆಯಲ್ಲಿ ಮಕ್ಕಳು ‘ಸೆಟ್ಟೆಡ್’ ಅಂತ ಬರೆದದ್ದನ್ನು ತಿದ್ದಿ ತಿದ್ದಿ ನನ್ನ ಕೆಂಪು ಪೆನ್ನು ಸವೆದಿದೆ.

ನಿಮ್ಮ ಓರಗೆಯವರ ಬಾಯಲ್ಲಿ ಓಡಾಡುವ ಸೆಟ್ಟಿನ ಬಗ್ಗೆಯೂ ಹೇಳಬೇಕು. ‘ಆ ಕಲರ್ ನಂಗೆ ಸೆಟ್ ಆಗಲ್ಲ’, ‘ಅವರಿಬ್ಬರಿಗೂ ಸೆಟ್ ಆಗಲ್ಲ’, ‘ಎಲ್ಲಾ ಸೆಟ್ ಮಾಡಿದೀನಿ ಗುರು’. ಇದನ್ನು ಕೇಳಿ ಮೂಗು ಮುರಿಯುವವರಲ್ಲಿ ನಾನಿಲ್ಲ. ಒಗ್ಗುವುದಿಲ್ಲ, ಹೊಂದುವುದಿಲ್ಲ, ಕುದುರಿಸಿದ್ದೇನೆ ಅನ್ನುವ ಮೂರು ಕೆಲಸವನ್ನು ಒಂದು ಪದಕ್ಕೆ ಕೊಟ್ಟಿದ್ದೀರಿ, ಇಂಗ್ಲಿಷಿನವರು ಮಾಡಿದ್ದೂ ಅದನ್ನೇ. ನಿಮ್ಮದು ಕನ್ನಡದ ಸೆಟ್ಟು, ಇಲ್ಲೇ ಹುಟ್ಟಿ ಬೆಳೆದದ್ದು. ಅದನ್ನು ಮಾತ್ರ ತಿರುಗಿ ಇಂಗ್ಲಿಷಿಗೆ ಕೊಂಡೊಯ್ಯಬೇಡ. ಬಣ್ಣ ಒಪ್ಪುವುದಕ್ಕೆ ಅವರು ‘ಸೂಟ್’ ಅನ್ನುತ್ತಾರೆ. ಇಂಟರ್‌ವ್ಯೂನಲ್ಲಿ ಕೂತು ಈ ಕೆಲಸ ನನಗೆ ಸೆಟ್ ಆಗುತ್ತದೆ ಅಂತ ಇಂಗ್ಲಿಷಿನಲ್ಲಿ ಹೇಳಿದರೆ ಎದುರಿಗಿದ್ದವರು ಸಿಮೆಂಟು ಚೀಲದ ಕಡೆ ನೋಡಿದಂತೆ ನೋಡಿಯಾರು.

ಅಂದ ಹಾಗೆ, ಆಕ್ಸ್‌ಫರ್ಡಿನವರ ಹೊಸ ಲೆಕ್ಕದಲ್ಲಿ ಮೊದಲ ಸ್ಥಾನ ಈಗ ಸೆಟ್ಟಿಗಿಲ್ಲ. ಅವರು ಪದಗಳನ್ನು ಒಂದೊಂದಾಗಿ ಮತ್ತೆ ಪರಿಷ್ಕರಿಸುತ್ತ ಬಂದಾಗ ‘ರನ್’ ಮುಂದೆ ಹೋಗಿದೆ. ಪೀಟರ್ ಗಿಲಿವರ್ ಎಂಬ ಸಂಪಾದಕ ಆ ಒಂದು ಕ್ರಿಯಾಪದಕ್ಕೇ 9 ತಿಂಗಳು ಕೂತು 645 ಅರ್ಥಗಳನ್ನು ಬಿಡಿಸಿಟ್ಟ. ಯಂತ್ರಗಳು ಬಂದ ಮೇಲೆ ಓಡುವ ವಸ್ತುಗಳೇ ಹೆಚ್ಚಾದವು, ಅದೂ ಒಂದು ಕಾರಣ ಅನ್ನುತ್ತಾರೆ. ರನ್ನನ್ನು ನಾನು ಹೇಳಿಕೊಡುವುದಿಲ್ಲ, ರಜೆಗೆ ಬರುವಷ್ಟರಲ್ಲಿ ನೀನೇ ಬರೆದುಕೊಂಡು ಬಾ. ನಮ್ಮಲ್ಲೂ ಗಾಡಿ ಓಡುತ್ತದೆ, ಸಿನಿಮಾ ನೂರು ದಿನ ಓಡುತ್ತದೆ, ವ್ಯಾಪಾರ ಓಡುತ್ತದೆ, ಪರೀಕ್ಷೆಯ ಹಿಂದಿನ ರಾತ್ರಿ ಗಡಿಯಾರವೂ ಓಡುತ್ತದೆ, ಹಾಗಾಗಿ ಅಷ್ಟು ಕಷ್ಟವಾಗಲಾರದು. ಮೂಗು ಮಾತ್ರ ಇಂಗ್ಲಿಷಿನಲ್ಲಿ ಓಡುತ್ತದೆ, ನಮ್ಮಲ್ಲಿ ಸೋರುತ್ತದೆ.